ಸಾವಿರ ಗಜದ ಗುರಿಗೆ ಕಾರ್ಖಾನೆಯ ರೈಫಲ್: ಆಯ್ಕೆಯ ಲೆಕ್ಕಾಚಾರ

ನಕ್ಷೆಯಲ್ಲಿ ಟಾಲರೆನ್ಸ್ ಬಿಗಿಯಾದಷ್ಟೂ ವಸ್ತುವಿನ ಬೆಲೆ ಏರುತ್ತದೆ ಎಂಬುದು ಯಂತ್ರಭಾಗಗಳನ್ನು ತಯಾರಿಸುವ ಪ್ರತಿಯೊಬ್ಬ ಉದ್ಯಮಿಯ ಅನುಭವ. ಇದಕ್ಕೆ ಅಪವಾದವೆಂಬಂತೆ ಕಳೆದ ಕೆಲವು ದಶಕಗಳಲ್ಲಿ ನಿಖರತೆ ಏರುತ್ತ, ಅದಕ್ಕೆ ತೆರಬೇಕಾದ ಬೆಲೆ ಇಳಿಯುತ್ತ ಬಂದಿರುವ ಒಂದು ಸರಕಿದೆ. ಅದು ದೂರದ ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಬಳಸುವ ರೈಫಲ್. ನಮ್ಮ ವಾಚಕರಲ್ಲಿ ಇಂತಹ ಬಂದೂಕನ್ನು ಕೊಳ್ಳುವವರು ಬಹುಶಃ ಬೆರಳೆಣಿಕೆಯಷ್ಟೂ ಇಲ್ಲ. ಆದರೂ ಕೊಳ್ಳುವವನು ಅಲ್ಲಿ ಹಾಕಬೇಕಾದ ಲೆಕ್ಕ ಲೇತ್, ಮಿಲ್ಲಿಂಗ್ ಯಂತ್ರಗಳ ನಡುವೆ ಬದುಕುವವರಿಗೆ ಅಪರಿಚಿತವಲ್ಲ.

ಈ ಸರಕಿನ ಬಹುದೊಡ್ಡ ಮಾರುಕಟ್ಟೆ ಅಮೆರಿಕ. ಒಂದು ಸಾವಿರ ಗಜ, ಅಂದರೆ 914 ಮೀಟರ್ ದೂರದ ಗುರಿಯನ್ನು ನೆಚ್ಚಿಕೆಯಿಂದ ಹೊಡೆಯಬಲ್ಲ ರೈಫಲ್ ಬೇಕೆಂದರೆ, ಹಿಂದೆ ಕಾರ್ಖಾನೆಯ ಬಂದೂಕನ್ನು ಕೊಂಡು ಕುಶಲಕರ್ಮಿಯೊಬ್ಬನಿಗೆ ಒಪ್ಪಿಸಿ, ಹೊಸ ನಳಿಗೆ ಕೂರಿಸಿ, ಬೋಲ್ಟನ್ನು ಕೈಯಿಂದ ಹೊಂದಿಸಿ ಪಡೆಯುವುದು ವಾಡಿಕೆಯಾಗಿತ್ತು. ಹಣವೂ ಹೆಚ್ಚು, ಕಾಯುವಿಕೆಯೂ ದೀರ್ಘ. 2015ರ ಜುಲೈ ತಿಂಗಳಿನಲ್ಲಿ ರೂಗರ್ ಸಂಸ್ಥೆಯು ‘ಪ್ರಿಸಿಷನ್ ರೈಫಲ್’ ಎಂಬ ಹೆಸರಿನಲ್ಲಿ ಅಲ್ಯೂಮಿನಿಯಂ ಚಾಸಿಸ್, ಅಳವಡಿಸಿಕೊಳ್ಳಬಹುದಾದ ಮಡಚುವ ಹಿಂಬದಿ ಹಾಗೂ ಬಳಕೆದಾರನೇ ಬದಲಾಯಿಸಬಹುದಾದ ನಳಿಗೆಯನ್ನುಳ್ಳ ಬಂದೂಕನ್ನು 1,399 ಡಾಲರುಗಳ ಪಟ್ಟಿ ಬೆಲೆಗೆ ಬಿಡುಗಡೆ ಮಾಡಿತು. ಅನಂತರ ಇತರ ತಯಾರಕರೂ ಇದೇ ಬೆಲೆಯ ಆಸುಪಾಸಿನಲ್ಲಿ ಪೈಪೋಟಿಗಿಳಿದರು. ಇಂದು ಕೊಳ್ಳುವವನ ತೊಡಕು ಸರಕಿನ ಕೊರತೆಯದಲ್ಲ, ಆಯ್ಕೆಯದು.

ಖಾತರಿಯ ಮಾತು

ಈ ಕ್ರೀಡೆಯಲ್ಲಿ ನಿಖರತೆಯನ್ನು ಕೋನದ ಮಿನಿಟಿನಲ್ಲಿ ಅಳೆಯುತ್ತಾರೆ. ಗುರಿಕಾರರ ಬಾಯಲ್ಲಿ ಇದು ‘ಎಂ.ಓ.ಎ.’ ಒಂದು ಡಿಗ್ರಿಯ 60ನೆಯ ಒಂದು ಭಾಗವಾದ ಈ ಕೋನವು 100 ಗಜದಲ್ಲಿ 1.047 ಅಂಗುಲ, ಸಾವಿರ ಗಜದಲ್ಲಿ ಸುಮಾರು ಹತ್ತೂವರೆ ಅಂಗುಲ ಆಗುತ್ತದೆ. ಅಮೆರಿಕದ ‘ಎಫ್-ಕ್ಲಾಸ್’ ಸ್ಪರ್ಧೆಯ ಸಾವಿರ ಗಜದ ಗುರಿಹಲಗೆಯಲ್ಲಿ 10 ಅಂಕಗಳ ವೃತ್ತದ ವ್ಯಾಸ 10 ಅಂಗುಲ, ಅದರೊಳಗಿನ ‘ಎಕ್ಸ್’ ವೃತ್ತದ್ದು 5 ಅಂಗುಲ. ಆದುದರಿಂದ ಬಂದೂಕಿನ ಹರವು ಒಂದು ಮಿನಿಟಿನೊಳಗೆ ಇರಬೇಕೆಂಬುದು ಗುರಿಕಾರನ ಕನಿಷ್ಠ ಬೇಡಿಕೆ.

ಫಿನ್ಲೆಂಡಿನ ಸಾಕೋ ಕಾರ್ಖಾನೆಯಲ್ಲಿ ತಯಾರಾಗುವ ಟಿಕ್ಕಾ ಹಾಗೂ ಸ್ಪೇನಿನ ಬರ್ಗಾರಾ ಬಂದೂಕುಗಳು ಇಂತಹ ಖಾತರಿಯೊಡನೆಯೇ ಮಾರಾಟವಾಗುತ್ತ ಬಂದಿವೆ. ಆದರೆ ಖಾತರಿಯ ಮಾತನ್ನು ಪೂರ್ತಿಯಾಗಿ ಓದಬೇಕು. ಟಿಕ್ಕಾದ ಖಾತರಿ ಮೂರು ಗುಂಡುಗಳ ಗುಂಪಿಗೆ ಸಂಬಂಧಿಸಿದ್ದು. ಗುಣನಿಯಂತ್ರಣದ ಪರಿಚಯವಿರುವವರಿಗೆ ಇದರ ಮರ್ಮ ಒಡನೆಯೇ ಹೊಳೆದೀತು. ಒಂದು ಲಾಟಿನಿಂದ ಮೂರು ನಮೂನೆಗಳನ್ನು ಮಾತ್ರ ತೆಗೆದು ಅಳೆದರೆ ಹರವು ಕಡಿಮೆಯಾಗಿಯೇ ಕಾಣುತ್ತದೆ. ಮೂರು ಗುಂಡುಗಳಲ್ಲಿ ಒಂದು ಮಿನಿಟಿನ ಹರವು ತೋರುವ ರೈಫಲ್, ಐದು ಗುಂಡುಗಳಲ್ಲಿ ಸರಾಸರಿ ಒಂದೂಕಾಲು ಮಿನಿಟನ್ನೂ ಹತ್ತು ಗುಂಡುಗಳಲ್ಲಿ ಒಂದೂವರೆ ಮಿನಿಟಿಗಿಂತ ತುಸು ಹೆಚ್ಚನ್ನೂ ತೋರುತ್ತದೆ. ಬಂದೂಕು ಕೆಟ್ಟಿರುವುದಿಲ್ಲ, ಎಣಿಕೆ ಬದಲಾಗಿರುತ್ತದೆ ಅಷ್ಟೆ. ಎರಡು ರೈಫಲ್‌ಗಳನ್ನು ಹೋಲಿಸುವವರು ಹತ್ತು ಹತ್ತು ಗುಂಡುಗಳ ಗುಂಪುಗಳನ್ನು ಹೋಲಿಸುವುದು ಲೇಸು. ಗುಂಡಿನ ಜಾಹೀರಾತಿನೊಡನೆ ಅಚ್ಚಾಗುವ ಅತ್ಯುತ್ತಮ ಗುಂಪಿನ ಭಾವಚಿತ್ರಕ್ಕೆ ಈ ಲೇಖಕನಂತೂ ಬೆಲೆ ಕೊಡುವುದಿಲ್ಲ.

ತಯಾರಿಕೆಯ ವಿಧಾನಗಳು

ಬೋಲ್ಟ್ ರೈಫಲ್‌ನಲ್ಲಿ ಅತಿ ಸೂಕ್ಷ್ಮವಾದ ಅಳತೆಯೆಂದರೆ ಬೋಲ್ಟಿನ ಮುಖಕ್ಕೂ ತೋಟಾ ಆತು ನಿಲ್ಲುವ ಚೇಂಬರಿನ ಅಂಚಿಗೂ ನಡುವಿನ ಅಂತರ. ಇದಕ್ಕೆ ‘ಹೆಡ್‌ಸ್ಪೇಸ್’ ಎನ್ನುತ್ತಾರೆ. ಸಾಂಪ್ರದಾಯಿಕ ವಿಧಾನದಲ್ಲಿ ನಳಿಗೆಯ ಮೇಲೆ ಒಂದು ಭುಜವನ್ನು ಕಡೆದು, ಅದು ರಿಸೀವರಿಗೆ ಆತುಕೊಳ್ಳುವವರೆಗೆ ತಿರುಗಿಸುತ್ತಾರೆ. ಭುಜದ ಸ್ಥಾನ, ಚೇಂಬರಿನ ಆಳ ಇವೆರಡೂ ಕರಾರುವಾಕ್ಕಾಗಿದ್ದರೆ ಮಾತ್ರ ಅಂತರ ಸರಿಯಾಗಿ ಕೂರುತ್ತದೆ. ಇಲ್ಲವಾದರೆ ಮತ್ತೆ ಲೇತಿಗೆ. 1958ರಲ್ಲಿ ಸ್ಯಾವೇಜ್ ಸಂಸ್ಥೆಯು ನಿಕೊಲಸ್ ಬ್ರೂವರ್ ವಿನ್ಯಾಸಗೊಳಿಸಿದ 110ನೆಯ ಮಾದರಿಯಲ್ಲಿ ಈ ತೊಡಕನ್ನು ಒಂದು ನಟ್ಟಿನಿಂದ ಬಗೆಹರಿಸಿತು. ಚೇಂಬರಿನೊಳಗೆ ಗೇಜ್ ಇಟ್ಟು, ನಳಿಗೆಯನ್ನು ಅದು ತಾಕುವವರೆಗೆ ತಿರುಗಿಸಿ, ಹೊರಗಿನಿಂದ ಲಾಕ್‌ನಟ್ಟನ್ನು ಬಿಗಿಯುವುದು, ಇಷ್ಟೇ. ಭಾಗಗಳ ಅಳತೆಯಲ್ಲಿ ಸಣ್ಣ ವ್ಯತ್ಯಾಸಗಳಿದ್ದರೂ ಜೋಡಣೆಯ ಹಂತದಲ್ಲಿ ಅವು ಸರಿಹೋಗುತ್ತವೆ. ಬೋಲ್ಟಿನ ತಲೆಯೂ ಅಲ್ಪ ಚಲನೆಯುಳ್ಳ ಬೇರೆಯೇ ಬಿಡಿಭಾಗವಾದುದರಿಂದ ತೋಟಾದ ಬುಡಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ನೋಟಕ್ಕೆ ಆ ನಟ್ಟು ಅಂದವಲ್ಲವೆಂದು ಹಳಬರು ಮೂಗು ಮುರಿದದ್ದುಂಟು. ಆದರೆ 1988ರಲ್ಲಿ ದಿವಾಳಿಯ ಅರ್ಜಿ ಸಲ್ಲಿಸಿದ ಸ್ಯಾವೇಜ್ ಪುನಃ ತಲೆಯೆತ್ತಿದ್ದು, ರೊನಾಲ್ಡ್ ಕೋಬರ್ನ್ ಅವರ ಆಡಳಿತದಲ್ಲಿ ಇತರ ಸರಕುಗಳನ್ನು ಬದಿಗಿರಿಸಿ, ಇದೇ 110ನೆಯ ಮಾದರಿಯನ್ನು ನೆಚ್ಚಿಕೊಂಡು. ರೂಗರ್ ತನ್ನ ಪ್ರಿಸಿಷನ್ ರೈಫಲ್‌ನಲ್ಲಿ ನಳಿಗೆಯನ್ನು ಕೂರಿಸಿದ್ದೂ ನಟ್ಟಿನ ಆಧಾರದಲ್ಲಿಯೇ.

ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಮೂಡಿಸುವುದರಲ್ಲಿಯೂ ಭೇದಗಳಿವೆ. ಟಿಕ್ಕಾ ಹಾಗೂ ರೂಗರ್ ಅನುಸರಿಸಿದ್ದು ತಣ್ಣನೆಯ ಉಕ್ಕನ್ನು ಮ್ಯಾಂಡ್ರೆಲ್ ಮೇಲೆ ಬಡಿದು ರೂಪಿಸುವ ಹ್ಯಾಮರ್ ಫೋರ್ಜಿಂಗ್ ವಿಧಾನವನ್ನು. ಒಂದು ನಳಿಗೆಗೆ ತಗಲುವುದು ಕೆಲವೇ ನಿಮಿಷಗಳು. ಆದರೆ ಯಂತ್ರದ ಬಂಡವಾಳ ಅಪಾರ. ಬರ್ಗಾರಾದ್ದು ಗಟ್ಟಿ ಬಟನ್ನನ್ನು ರಂಧ್ರದ ಮೂಲಕ ಹಾಯಿಸುವ ವಿಧಾನ. ಒಂದೊಂದೇ ಗೆರೆಯನ್ನು ಕೊರೆಯುವ ಹಳೆಯ ನಿಧಾನ ಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿರುವವರು ಕ್ರೀಗರ್, ಬಾರ್ಟ್‌ಲೈನ್ ಮುಂತಾದ ವಿಶೇಷ ನಳಿಗೆಗಳ ತಯಾರಕರು.

ರೆಮಿಂಗ್ಟನ್ 700ರ ಕಥೆ ಇನ್ನೊಂದು ಬಗೆಯದು. 1962ರಲ್ಲಿ ಬಂದ ಈ ಮಾದರಿಯ ರಿಸೀವರ್ ದುಂಡನೆಯದಾದುದರಿಂದ ಲೇತ್ ಕೆಲಸಕ್ಕೆ ಸುಲಭ. ಕಾಲಕ್ರಮದಲ್ಲಿ ಹೊರಗಿನ ನೂರಾರು ಸಣ್ಣ ತಯಾರಕರು ಅದರ ಅಳತೆಗೆ ಹೊಂದುವ ಟ್ರಿಗರ್, ಸ್ಟಾಕ್, ಚಾಸಿಸ್‌ಗಳನ್ನು ಮಾಡತೊಡಗಿದರು. ರೆಮಿಂಗ್ಟನ್ 2018ರಲ್ಲಿಯೂ 2020ರಲ್ಲಿಯೂ ದಿವಾಳಿಯ ಅರ್ಜಿ ಸಲ್ಲಿಸಿತು. ಇಲಿಯನ್ ಪಟ್ಟಣದ ಕಾರ್ಖಾನೆ 2024ರಲ್ಲಿ ಬಾಗಿಲು ಹಾಕಿತು. ಆದರೆ 700ರ ಅಳತೆ ಉಳಿಯಿತು. ಬರ್ಗಾರಾದ ಬಿ-14 ಸಹ ಆ ಅಳತೆಗೇ ಹೊಂದಿಕೊಳ್ಳುತ್ತದೆ. ಟಿಕ್ಕಾ ಕೊಂಡವನು ಅದರದೇ ಮಾದರಿಯ ಮ್ಯಾಗಜಿನ್ನುಗಳನ್ನು ಹುಡುಕಬೇಕಾದರೆ, ಈ ಬಂದೂಕು ಕೊಂಡವನಿಗೆ ಹತ್ತಾರು ತಯಾರಕರ ಬಿಡಿಭಾಗಗಳು ಲಭ್ಯ.

ಇದೇ 700ಕ್ಕೆ ಸಂಬಂಧಿಸಿದ ಇನ್ನೊಂದು ವಿಷಯವನ್ನು, ವಿಶೇಷವಾಗಿ ಹಳೆಯ ಬಂದೂಕು ಕೊಳ್ಳುವವರು, ಮರೆಯುವಂತಿಲ್ಲ. 2014ರ ಏಪ್ರಿಲ್‌ನಲ್ಲಿ ಸಂಸ್ಥೆಯು ‘ಎಕ್ಸ್-ಮಾರ್ಕ್ ಪ್ರೊ’ ಟ್ರಿಗರ್ ಉಳ್ಳ, 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ 700 ಹಾಗೂ ಸೆವೆನ್ ಮಾದರಿಯ ರೈಫಲ್‌ಗಳನ್ನು ಹಿಂದಕ್ಕೆ ಕರೆಯಿತು. ಕಾರಣ ಲೋಹದ ದೋಷವಲ್ಲ, ಅಳತೆಯ ದೋಷವೂ ಅಲ್ಲ. ಜೋಡಣೆಯ ವೇಳೆ ಬಳಸಿದ ಅಂಟುದ್ರವ್ಯ ಅಗತ್ಯಕ್ಕಿಂತ ಹೆಚ್ಚಾಗಿ ಉಳಿದಿರಬಹುದೆಂಬುದು. ಅದರಿಂದ ಗುರಿಕಾರನ ಇಚ್ಛೆಯಿಲ್ಲದೆಯೇ ಗುಂಡು ಹಾರುವ ಸಂಭವವಿತ್ತು. ಎಂಟು ವರ್ಷಗಳ ಉತ್ಪಾದನೆ ಒಂದು ತೊಟ್ಟು ಅಂಟಿನ ಕಾರಣದಿಂದ ಪ್ರಶ್ನೆಗೊಳಗಾಯಿತು. ಕೊಳ್ಳುವ ಮುನ್ನ ಕ್ರಮಸಂಖ್ಯೆಯನ್ನು ಪರಿಶೀಲಿಸಿ, ಟ್ರಿಗರ್ ಬದಲಾಗಿದೆಯೆಂದು ಖಚಿತಪಡಿಸಿಕೊಳ್ಳುವವರೆಗೆ ಎಷ್ಟು ಅಗ್ಗವಾದರೂ ಕೈಹಾಕದಿರುವುದೇ ಸರಿ.

ಕೊಂಡ ನಂತರದ ಖರ್ಚು

ಬಂದೂಕಿನ ಬೆಲೆ ಒಟ್ಟು ವೆಚ್ಚದ ಒಂದು ಅಂಶ ಮಾತ್ರ. 2007ರಲ್ಲಿ ಹಾರ್ನಡಿ ಸಂಸ್ಥೆ ಹೊರತಂದ 6.5 ಕ್ರೀಡ್‌ಮೂರ್ ಎಂಬ ತೋಟಾ ಈ ಕ್ರೀಡೆಯಲ್ಲಿ ಹಳೆಯ .308 ವಿಂಚೆಸ್ಟರನ್ನು ಹಿಂದೆ ಹಾಕಿರುವುದು ಗಾಳಿಯ ಕಾರಣದಿಂದ. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿಯು ಸಾವಿರ ಗಜದಲ್ಲಿ ಮೊದಲನೆಯದರ 140 ಗ್ರೇನ್ ಸ್ಪರ್ಧಾ ಗುಂಡನ್ನು ಸುಮಾರು 6 ಅಡಿ ಸರಿಸಿದರೆ, ಎರಡನೆಯದನ್ನು ಸುಮಾರು 8 ಅಡಿ ಸರಿಸುತ್ತದೆ. ಆದರೆ 6.5ರ ನಳಿಗೆ ಸಾಮಾನ್ಯವಾಗಿ 2,000ದಿಂದ 3,000 ಗುಂಡುಗಳಿಗೆ ಸವೆದು ಸ್ಪರ್ಧೆಗೆ ಅಯೋಗ್ಯವಾಗುತ್ತದೆ. .308ರ ನಳಿಗೆ 5,000ದವರೆಗೂ ಬಾಳುವುದುಂಟು. ಸ್ಪರ್ಧಾ ದರ್ಜೆಯ ತೋಟಾಕ್ಕೆ ಒಂದೂವರೆ ಡಾಲರ್ ಎಂದು ಹಿಡಿದರೂ 2,500 ತೋಟಾಗಳಿಗೆ 3,750 ಡಾಲರ್ ಆಯಿತು. ಮೊದಲ ನಳಿಗೆ ಸವೆಯುವ ಹೊತ್ತಿಗೆ ಬಂದೂಕಿನ ಬೆಲೆಯ ಎರಡೂವರೆ ಪಟ್ಟಿಗೂ ಹೆಚ್ಚು ಹಣ ಹೊಗೆಯಾಗಿರುತ್ತದೆ! ಸ್ಕೋಪಿಗೆ ರೈಫಲ್‌ನಷ್ಟೇ ಬೆಲೆ ತೆರಬೇಕಾದೀತು.

ತೋಟಾದ ಗುಣಮಟ್ಟದಲ್ಲಿ ಜಿಪುಣತನ ಮಾಡುವಂತಿಲ್ಲ. ಒಂದು ಗುಂಡಿಗೂ ಇನ್ನೊಂದಕ್ಕೂ ಸೆಕೆಂಡಿಗೆ 20 ಅಡಿ ವೇಗದ ವ್ಯತ್ಯಾಸವಿದ್ದರೆ, ಬಂದೂಕು ನಿರ್ದೋಷವಾಗಿದ್ದರೂ ಸಾವಿರ ಗಜದಲ್ಲಿ ಗುಂಡು ಬೀಳುವ ಎತ್ತರ ಸುಮಾರು 5 ಅಂಗುಲ ಬದಲಾಗುತ್ತದೆ. ಅಂದರೆ 10 ಅಂಕದ ವೃತ್ತದ ಅರ್ಧ ಭಾಗ ಅಲ್ಲಿಯೇ ಕಳೆದುಹೋಯಿತು.

ಈ ಕಾರಣಗಳಿಂದ, ಹೆಚ್ಚು ಹಾರಿಸುವವನಿಗೆ ನಳಿಗೆಯನ್ನು ಸುಲಭವಾಗಿ ಬದಲಾಯಿಸಬಹುದಾದ ಸ್ಯಾವೇಜ್ ಅಥವಾ ರೂಗರ್ ಲಾಭದಾಯಕವೆಂದು ತೋರುತ್ತದೆ. ಬಿಡಿಭಾಗಗಳನ್ನು ಕಾಲಕಾಲಕ್ಕೆ ಸುಧಾರಿಸುತ್ತ ಹೋಗಬಯಸುವವನಿಗೆ ಬರ್ಗಾರಾ. ಪೆಟ್ಟಿಗೆಯಿಂದ ತೆಗೆದು, ಏನನ್ನೂ ಮುಟ್ಟದೆ ಮೈದಾನಕ್ಕೆ ಹೋಗಬೇಕೆನ್ನುವವನಿಗೆ ಟಿಕ್ಕಾದ ನಯವಾದ ಬೋಲ್ಟ್ ಮೆಚ್ಚಿಗೆಯಾದೀತು. ಇವುಗಳ ನಡುವೆ ಕಾಲು ಮಿನಿಟಿನ ಅಂತರಕ್ಕಾಗಿ ತಲೆಕೆಡಿಸಿಕೊಳ್ಳುವುದಕ್ಕಿಂತ, ಉಳಿದ ಹಣವನ್ನು ತೋಟಾಗಳಿಗೂ ಅಭ್ಯಾಸಕ್ಕೂ ವಿನಿಯೋಗಿಸುವುದು ಮೇಲು.

ನಮ್ಮ ನಾಡಿಗೆ ಬಂದರೆ, ಸಾವಿರ ಗಜದ ಈ ಕ್ರೀಡೆ ಇಲ್ಲಿ ಬೇರೂರಿಲ್ಲ. ಆದರೆ ಇಂತಹ ರೈಫಲ್‌ಗಳ ತಯಾರಿಕೆ ಬೆಂಗಳೂರಿಗೆ ಬಂದಿದೆ. ಸ್ಪ್ರಿಂಗುಗಳ ಉದ್ಯಮದಲ್ಲಿ ಹೆಸರಾದ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಸಮೂಹದಿಂದ ಹೊರಟ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆಯು ಸೇನೆ, ಪೊಲೀಸ್ ಬಳಕೆಗಾಗಿ ‘ವೈಪರ್’ ಹಾಗೂ ‘ಸೇಬರ್’ ಎಂಬ ದೂರಗುರಿಯ ರೈಫಲ್‌ಗಳನ್ನು ರೂಪಿಸಿತು. 2024ರಲ್ಲಿ ಸೇಬರ್‌ಗೆ ವಿದೇಶದಿಂದ ಬೇಡಿಕೆ ದೊರೆತ ವಾರ್ತೆಯೂ ಬಂದಿತು. ಈ ಕ್ಷೇತ್ರದ ಜಾಬ್‌ವರ್ಕ್ ನಮ್ಮ ಸಣ್ಣ ಘಟಕಗಳತ್ತ ಬರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. 1959ರ ಆಯುಧ ಅಧಿನಿಯಮದ ವ್ಯಾಖ್ಯೆಯಲ್ಲಿ ‘ಆಯುಧ’ ಎಂಬ ಪದವು ಬಿಡಿಭಾಗಗಳನ್ನೂ ಅವುಗಳನ್ನು ತಯಾರಿಸುವ ಯಂತ್ರಗಳನ್ನೂ ಒಳಗೊಂಡಿದೆ. 5ನೆಯ ಪ್ರಕರಣದಂತೆ ತಯಾರಿಕೆಗೂ ಮಾರಾಟಕ್ಕೂ ಪರವಾನಗಿ ಕಡ್ಡಾಯ. ನಳಿಗೆ ಕೊರೆಯುವ ಅಥವಾ ಬೋಲ್ಟ್ ಕಡೆಯುವ ಆರ್ಡರ್ ಬಂದಾಗ ದರ ನಮೂದಿಸುವ ಮೊದಲು, ಆರ್ಡರ್ ಕೊಟ್ಟವರ ಪರವಾನಗಿಯನ್ನು ಕೇಳಿ ನೋಡಿ, ತಮ್ಮ ಘಟಕಕ್ಕೆ ಯಾವ ಪರವಾನಗಿ ಬೇಕೆಂಬುದನ್ನು ವಕೀಲರಿಂದ ಲಿಖಿತವಾಗಿ ಪಡೆದುಕೊಳ್ಳತಕ್ಕದ್ದು.