ಬಿಲಿಯರ್ಡ್ಸ್ ಮೇಜಿನ ರಬ್ಬರು ಅಂಚು

ಕನ್ನಡಿಯ ಮೇಲೆ ಬಿದ್ದ ಬೆಳಕಿನ ಕಿರಣವು ತಾನು ಬಿದ್ದ ಕೋನಕ್ಕೆ ಸಮನಾದ ಕೋನದಲ್ಲಿ ಹಿಂದಿರುಗುತ್ತದೆಂದು ವಿಜ್ಞಾನದ ಪಾಠದಲ್ಲಿ ನಾವೆಲ್ಲರೂ ಓದಿರುತ್ತೇವೆ. ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಎಂಬ ಮೇಜಿನ ಆಟಗಳಲ್ಲಿ ಅಂಚಿಗೆ ತಾಕಿದ ಚೆಂಡೂ ಹಾಗೆಯೇ ಹಿಂದಿರುಗುವುದೆಂದು ನಂಬಿ ಆಡುವವನು ಮಾತ್ರ ಬಹುಬೇಗ ಸೋಲುತ್ತಾನೆ. ಇದಕ್ಕೆ ಕಾರಣವು ಹಸಿರು ಬಟ್ಟೆಯ ಒಳಗೆ ಅಡಗಿರುವ ಒಂದು ರಬ್ಬರಿನ ಪಟ್ಟಿ.

ಕ್ಲಬ್ಬುಗಳ ಆಟಕ್ಕೂ ಶಾಲೆಯ ಪತ್ರಿಕೆಗೂ ಏನು ಸಂಬಂಧವೆಂದು ಪೋಷಕರಲ್ಲಿ ಕೆಲವರು ಕೇಳಬಹುದು. ಹಣ ಕಟ್ಟಿ ಆಡುವುದನ್ನು ನಾನೂ ಒಪ್ಪತಕ್ಕವನಲ್ಲ. ಆದರೆ ಆಟವೇ ಕೀಳೆಂಬ ಮಾತು ಸಲ್ಲದು. ವಿಲ್ಸನ್ ಜೋನ್ಸ್ ಅವರು ೧೯೫೮ರಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದು ನಮ್ಮ ದೇಶಕ್ಕೆ ಕೀರ್ತಿ ತಂದರು. ನಮ್ಮೂರಿನಿಂದ ಸುಮಾರು ನಲವತ್ತು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಈ ವಿದ್ಯೆಯನ್ನು ಕಲಿತ ಪಂಕಜ್ ಅಡ್ವಾಣಿಯವರು ೨೦೦೩ರಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಪಡೆದರು. ಸ್ನೂಕರ್ ಹುಟ್ಟಿದ್ದೂ ನಮ್ಮ ದೇಶದಲ್ಲಿಯೇ. ನೆವಿಲ್ ಚೇಂಬರ್ಲೇನ್ ಎಂಬ ಸೈನ್ಯಾಧಿಕಾರಿ ೧೮೭೫ರಲ್ಲಿ ಜಬಲ್‌ಪುರದಲ್ಲಿ ಅದನ್ನು ಹುಟ್ಟುಹಾಕಿದನು. ೧೮೮೨ರಲ್ಲಿ ಅದರ ನಿಯಮಗಳು ಉದಕಮಂಡಲದ ಕ್ಲಬ್ಬಿನಲ್ಲಿ ಬರಹಕ್ಕೆ ಬಂದುವು.

ಮೊದಲಿನ ಮೇಜುಗಳಲ್ಲಿ ರಬ್ಬರು ಇರಲಿಲ್ಲ. ಮರದ ಅಂಚಿಗೆ ಉಣ್ಣೆಯನ್ನೋ ಕುದುರೆಯ ಕೂದಲನ್ನೋ ತುಂಬಿ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಇಂತಹ ಅಂಚಿಗೆ ತಾಕಿದ ಚೆಂಡು ಮೆತ್ತೆಗೆ ಬಡಿದಂತೆ ಸೋತು ನಿಲ್ಲುತ್ತಿತ್ತು. ಲಂಡನ್ನಿನ ಜಾನ್ ಥರ್ಸ್ಟನ್ನನು ೧೮೩೫ರಲ್ಲಿ ರಬ್ಬರಿನ ಅಂಚನ್ನು ಬಳಕೆಗೆ ತಂದನು. ಚೆಂಡು ಪುಟಿಯತೊಡಗಿತು, ಆದರೆ ಚಳಿಗಾಲ ಬಂದೊಡನೆ ಆ ರಬ್ಬರು ಕಲ್ಲಿನಂತಾಗುತ್ತಿತ್ತು. ಬಿಸಿನೀರು ತುಂಬಿದ ಲೋಹದ ಪಾತ್ರೆಗಳನ್ನು ಅಂಚಿಗೆ ತಾಗಿಸಿಟ್ಟು, ಅದು ಮೆದುವಾದ ಮೇಲೆ ಆಟಕ್ಕೆ ತೊಡಗಬೇಕಾಗಿತ್ತು! ಉದಕಮಂಡಲದ ಜನವರಿಯ ಚಳಿಯಲ್ಲಿ ಅಂತಹ ಮೇಜಿದ್ದಿದ್ದರೆ ಸ್ನೂಕರಿನ ಗತಿ ಏನಾಗುತ್ತಿತ್ತೋ ಊಹಿಸಿಕೊಳ್ಳಿರಿ.

ಈ ತೊಡಕನ್ನು ಬಿಡಿಸಿದ್ದು ಗಂಧಕ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ಗಂಧಕ ಬೆರೆಸಿದ ರಬ್ಬರನ್ನು ಕಾಯಿಸಿದರೆ ಅದು ಬಿಸಿಲಿಗೆ ಅಂಟಾಗುವುದಿಲ್ಲ, ಚಳಿಗೆ ಬಿರುಸಾಗುವುದಿಲ್ಲವೆಂದು ಕಂಡುಕೊಂಡನು. ರಬ್ಬರಿನ ಅಣುಗಳು ಉದ್ದವಾದ ದಾರಗಳಂತಿವೆ. ಹಸಿ ರಬ್ಬರಿನಲ್ಲಿ ಆ ದಾರಗಳು ಒಂದರ ಮೇಲೊಂದು ಜಾರಿಹೋಗುತ್ತವೆ. ಗಂಧಕವು ಅವುಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ; ಆಗ ಎಳೆದರೂ ಒತ್ತಿದರೂ ಬಲೆಯಂತೆ ಹಿಗ್ಗಿ ಕುಗ್ಗಿ ಸ್ವಸ್ಥಾನಕ್ಕೆ ಮರಳುತ್ತವೆ. ೧೮೪೫ರಲ್ಲಿ ಥರ್ಸ್ಟನ್ನನ ಸಂಸ್ಥೆಯು ಹೀಗೆ ಹದಗೊಳಿಸಿದ ರಬ್ಬರಿನ ಅಂಚಿಗೆ ಹಕ್ಕುಪತ್ರವನ್ನು ಪಡೆಯಿತು. ಗುಡ್‌ಇಯರನಾದರೋ ೧೮೬೦ರಲ್ಲಿ ಸಾಲಗಾರನಾಗಿಯೇ ತೀರಿಕೊಂಡನು. ಈಗ ಆ ಹೆಸರನ್ನು ಹೊತ್ತಿರುವ ಟೈರಿನ ಕಂಪನಿಗೂ ಅವನಿಗೂ ಯಾವ ಹಣಕಾಸಿನ ಸಂಬಂಧವೂ ಇಲ್ಲ.

ಇನ್ನು ಆಟದ ಮಾತಿಗೆ ಬರೋಣ. ಅಂಚಿನ ರಬ್ಬರು ಚೌಕನೆಯ ದಿಂಡಲ್ಲ. ಮುಂದಕ್ಕೆ ಚಾಚಿದ ಒಂದು ಮೂಗು ಅದಕ್ಕಿದೆ. ಚೆಂಡು ತಾಕುವುದು ಆ ಮೂಗಿನ ತುದಿಗೆ. ಆ ತುದಿಯು ಎಷ್ಟು ಎತ್ತರದಲ್ಲಿರಬೇಕೆಂಬುದು ಇಡೀ ವಿಷಯದ ಮರ್ಮ. ಚೆಂಡಿನ ನಡುವಿಗಿಂತ ಕೆಳಗಿದ್ದರೆ ಚೆಂಡು ಮೇಲಕ್ಕೆ ನೆಗೆಯುತ್ತದೆ. ಬಹಳ ಮೇಲಿದ್ದರೆ ಚೆಂಡನ್ನು ಮೇಜಿನ ಕಲ್ಲುಹಾಸಿಗೆ ಒತ್ತಿ ಅದರ ವೇಗವನ್ನು ಕೊಲ್ಲುತ್ತದೆ. ಚೆಂಡಿನ ವ್ಯಾಸದ ಹತ್ತರಲ್ಲಿ ಏಳು ಪಾಲು ಎತ್ತರದಲ್ಲಿ ನೇರವಾಗಿ ತಳ್ಳಿದರೆ ಚೆಂಡು ಜಾರದೆ ಒಡನೆಯೇ ಉರುಳತೊಡಗುವುದೆಂದು ಗಣಿತವು ಹೇಳುತ್ತದೆ. ಪೂಲ್ ಚೆಂಡಿನ ವ್ಯಾಸ ೫೭.೧೫ ಮಿಲಿಮೀಟರು, ಅದರ ಏಳು ಪಾಲು ಸುಮಾರು ೪೦ ಮಿಲಿಮೀಟರು. ಆದರೆ ಪೂಲ್ ಮೇಜಿನಲ್ಲಿ ಮೂಗನ್ನು ವ್ಯಾಸದ ಶೇಕಡ ೬೩.೫ರಷ್ಟು ಎತ್ತರದಲ್ಲಿ, ಎಂದರೆ ಸುಮಾರು ೩೬.೩ ಮಿಲಿಮೀಟರಿನಲ್ಲಿ ಇಡುತ್ತಾರೆ. ಗಣಿತದ ಎತ್ತರದಲ್ಲಿಟ್ಟರೆ ರಬ್ಬರು ಚೆಂಡಿನ ದುಂಡನೆಯ ಬೆನ್ನನ್ನು ಕೆಳಕ್ಕೆ ಒತ್ತುವುದರಿಂದ ಈ ರಾಜಿ ಅಗತ್ಯವಾಯಿತು.

ಚೆಂಡು ತಾಕಿದಾಗ ರಬ್ಬರು ಕುಗ್ಗಿ, ಚೆಂಡಿನ ಶಕ್ತಿಯನ್ನು ಕ್ಷಣಕಾಲ ತನ್ನಲ್ಲಿ ಇಟ್ಟುಕೊಂಡು, ಬಹುಪಾಲನ್ನು ಹಿಂದಿರುಗಿಸುತ್ತದೆ. ಸ್ವಲ್ಪ ಪಾಲು ಶಾಖವಾಗಿ ಕಳೆದುಹೋಗುತ್ತದೆ. ಮೆಲ್ಲನೆ ಉರುಳಿ ಬಂದ ಚೆಂಡು ಅಂಚಿಗೆ ತಾಕಿದ ಮೇಲೆಯೂ ತನ್ನ ಮುನ್ನುರುಳನ್ನು ಪೂರ್ತಿ ಬಿಟ್ಟಿರುವುದಿಲ್ಲ. ಆ ಉರುಳು ಅದನ್ನು ಮತ್ತೆ ಅಂಚಿನ ಕಡೆಗೇ ಎಳೆಯುವುದರಿಂದ ದಾರಿಯು ಅಂಚಿನತ್ತ ಬಾಗಿ ಅಗಲವಾಗುತ್ತದೆ. ರಭಸದಿಂದ ಹೊಡೆದ ಚೆಂಡು ಉರುಳುವುದಕ್ಕೆ ಮೊದಲೇ, ಜಾರುತ್ತಲೇ ಅಂಚನ್ನು ಮುಟ್ಟಿ ರಬ್ಬರಿನೊಳಕ್ಕೆ ಹೆಚ್ಚು ಹೂತು, ಕಡಿದಾದ ಕೋನದಲ್ಲಿ ಹೊರಬರುತ್ತದೆ. ಒಂದೇ ಗುರಿ, ಒಂದೇ ಮೇಜು. ಆದರೂ ವೇಗ ಬದಲಾದೊಡನೆ ದಾರಿ ಬದಲಾಗುತ್ತದೆ. ಚೆಂಡಿಗೆ ಪಕ್ಕದ ತಿರುವು ಕೊಟ್ಟರೆ ಅಂಚಿನ ಬಟ್ಟೆಯು ಅದನ್ನು ಹಿಡಿದು ಇನ್ನೂ ಬೇರೆ ದಿಕ್ಕಿಗೆ ತಿರುಗಿಸುತ್ತದೆ.

ರಬ್ಬರಿಗೂ ವಯಸ್ಸಾಗುತ್ತದೆ. ಗಾಳಿ, ಬಿಸಿಲು, ಕಾಲ ಇವುಗಳಿಂದ ಅದು ಗಡುಸಾಗಿ ಬಿರುಕುಬಿಡುತ್ತದೆ. ಅಂಟು ಸಡಿಲಿದ ಕಡೆ ತಾಕಿದ ಚೆಂಡು ಮಂಕಾದ ಸದ್ದು ಮಾಡಿ ಅಲ್ಲಿಯೇ ಸೊರಗುತ್ತದೆ. ಇಂತಹ ಮೇಜಿನಲ್ಲಿ ಕಲಿಯುವ ಬಡ ಹುಡುಗನಿಗೆ ಆಗುವ ನಷ್ಟ ಸಣ್ಣದಲ್ಲ. ಅವನು ಅಂಚಿನ ಸೋಮಾರಿತನಕ್ಕೆ ತಕ್ಕಂತೆ ತೋಳಿನ ಬಲವನ್ನು ಹೆಚ್ಚಿಸಿಕೊಂಡು ಅಭ್ಯಾಸ ಮಾಡುತ್ತಾನೆ. ಸ್ಪರ್ಧೆಯ ಒಳ್ಳೆಯ ಮೇಜಿಗೆ ಬಂದಾಗ ಅವನ ಪ್ರತಿಯೊಂದು ಹೊಡೆತವೂ ಗುರಿ ಮೀರಿ ಹೋಗುತ್ತದೆ. ನೋಡಿದವರು ಹುಡುಗನಿಗೆ ಕೈ ಹಿಡಿತವಿಲ್ಲವೆನ್ನುತ್ತಾರೆ. ಆದುದರಿಂದ ಮೇಜಿನ ಒಡೆಯರು ಒಂದು ಪರೀಕ್ಷೆಯನ್ನು ತಿಳಿದಿರಬೇಕು: ಪೂಲ್ ಮೇಜಿನ ಉದ್ದಕ್ಕೆ ಚೆಂಡನ್ನು ನೇರವಾಗಿ, ಬಲವಾಗಿ ಹೊಡೆದರೆ ಅದು ನೆಗೆಯದೆ ಕನಿಷ್ಠ ನಾಲ್ಕರಿಂದ ನಾಲ್ಕೂವರೆ ಸಲ ಮೇಜಿನ ಉದ್ದವನ್ನು ಕ್ರಮಿಸಬೇಕು.

ನಮ್ಮ ಮತ್ತಿಗಿರಿಯ ಮಕ್ಕಳಿಗೆ ಮೇಜು ಬೇಕಿಲ್ಲ. ಒಂದು ಇಟ್ಟಿಗೆ, ಹಳೆಯ ಸೈಕಲ್ ಟ್ಯೂಬಿನ ತುಂಡು, ಒಂದು ದೊಡ್ಡ ಗೋಲಿ ಇದ್ದರೆ ಸಾಕು. ಮೊದಲು ಬರಿಯ ಇಟ್ಟಿಗೆಗೆ ಗೋಲಿಯನ್ನು ಓರೆಯಾಗಿ ಉರುಳಿಸಿ, ಹೋಗುವ ಬರುವ ದಾರಿಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಗುರುತಿಸಿರಿ. ಅನಂತರ ಟ್ಯೂಬನ್ನು ಇಟ್ಟಿಗೆಗೆ ಬಿಗಿಯಾಗಿ ಸುತ್ತಿ, ಅದೇ ಜಾಗದಿಂದ ಒಮ್ಮೆ ಮೆಲ್ಲನೆ, ಒಮ್ಮೆ ಜೋರಾಗಿ ಉರುಳಿಸಿರಿ. ಮೂರು ಗೆರೆಗಳನ್ನೂ ಕೋನಮಾಪಕದಿಂದ ಅಳೆದು ಪುಸ್ತಕದಲ್ಲಿ ಬರೆದುಕೊಂಡು ಬಂದವರ ಲೆಕ್ಕವನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಒಟ್ಟಿಗೆ ನೋಡೋಣ.