ಬಸಿರಿನಲ್ಲಿ ತಣ್ಣಗಾಗುವ ಕಾಯಿಲೆ

ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವ ಹೆಣ್ಣುಮಕ್ಕಳಿಗೆ ಕಳೆದ ಶತಮಾನದ ಬಹುಕಾಲ ವೈದ್ಯರು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಮಾತು: ಮಕ್ಕಳ ಆಸೆ ಬಿಡಿ, ಬಸಿರಾದರೆ ಕಾಯಿಲೆ ಉಲ್ಬಣಿಸುತ್ತದೆ. ಆ ಮಾತಿಗೆ ಗಟ್ಟಿ ಆಧಾರ ಇರಲಿಲ್ಲ. ಬಾಣಂತನದಲ್ಲಿ ಕಾಲು ಸೋತು ಆಸ್ಪತ್ರೆಗೆ ಬಂದವಳು ವೈದ್ಯರ ನೆನಪಿನಲ್ಲಿ ಉಳಿಯುತ್ತಾಳೆ. ಹೆತ್ತು ಸುಖವಾಗಿ ಮನೆಯಲ್ಲಿರುವವಳು ಅವರ ಕಣ್ಣಿಗೆ ಬೀಳುವುದೇ ಅಪರೂಪ.

ಎಂಎಸ್ ಎಂದು ಕರೆಯುವ ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ನರಗಳ ಮೇಲೆ ಎರಗುತ್ತದೆ. ಮೆದುಳು, ಬೆನ್ನುಹುರಿಗಳ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಅದು ಅಲ್ಲಲ್ಲಿ ಕಿತ್ತುಹೋದಾಗ ಸಂದೇಶ ತಡವಾಗಿ ಸಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಒಂದು ಕಣ್ಣು ಮಂಜಾಗಬಹುದು, ಕೈ ಜೋಮು ಹಿಡಿಯಬಹುದು, ನಡಿಗೆ ತಪ್ಪಬಹುದು. ಹೆಚ್ಚಿನವರಲ್ಲಿ ಇದು ಬಂದು ಹೋಗಿ, ಕೆಲ ತಿಂಗಳ ಮೇಲೆ ಮರುಕಳಿಸುತ್ತದೆ. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಅದೂ 20ರಿಂದ 40ರ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಮದುವೆ, ಮಕ್ಕಳು ಎಂದು ಯೋಚಿಸುವ ವಯಸ್ಸೇ ಅದು.

ಫ್ರಾನ್ಸಿನ ಲಿಯೋನ್ ನಗರದ ನರರೋಗ ತಜ್ಞ ಕ್ರಿಸ್ಟಿಯಾನ್ ಕಾನ್ಫಾವ್ರೂ ಮಾಡಿದ್ದು ಸರಳವಾದ, ಆದರೆ ಅಪಾರ ತಾಳ್ಮೆ ಬೇಡುವ ಕೆಲಸ. ಮುಗಿದುಹೋದ ಬಸಿರುಗಳ ಕಥೆ ಕೇಳಿ ಲೆಕ್ಕ ಹಾಕುವುದನ್ನು ಬಿಟ್ಟು, ಬಸುರಿಯರನ್ನು ಆಗಲೇ ಗುರುತಿಸಿ, ಹೆರಿಗೆಯಾಗಿ ವರ್ಷ ತುಂಬುವವರೆಗೆ ಹಿಂಬಾಲಿಸುವುದು. ಅವರೂ ಸಹೋದ್ಯೋಗಿಗಳೂ ಯೂರೋಪಿನ 12 ದೇಶಗಳ 254 ಮಹಿಳೆಯರ 269 ಬಸಿರುಗಳನ್ನು ಹೀಗೆ ಗಮನಿಸಿದರು. ಫಲಿತಾಂಶ 1998ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು.

ಅದರ ಅಂಕಿಗಳನ್ನು ಹೀಗೆ ನೋಡೋಣ. ಹತ್ತು ಮಹಿಳೆಯರಿದ್ದಾರೆ ಎಂದುಕೊಳ್ಳಿ. ಬಸಿರಿಗೆ ಮುಂಚಿನ ವರ್ಷದಲ್ಲಿ ಅವರೆಲ್ಲರಿಗೂ ಸೇರಿ ಸುಮಾರು ಏಳು ಸಲ ಕಾಯಿಲೆ ಮರುಕಳಿಸುತ್ತಿತ್ತು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಆ ವೇಗ ವರ್ಷಕ್ಕೆ ಎರಡಕ್ಕೆ ಇಳಿಯಿತು. ಆ ಕಾಲದ ಯಾವ ಔಷಧಿಗೂ ಸಾಧ್ಯವಾಗದ ಇಳಿಕೆ ಇದು. ಆದರೆ ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಅದೇ ವೇಗ ಹನ್ನೆರಡಕ್ಕೆ ಏರಿ, ಆಮೇಲೆ ಹಳೆಯ ಮಟ್ಟಕ್ಕೆ ಮರಳಿತು. ಹಳೆಯ ವೈದ್ಯರು ಕಂಡದ್ದು ಸುಳ್ಳಲ್ಲ. ಅವರು ಕಂಡದ್ದು ಬಾಣಂತನವನ್ನು ಮಾತ್ರ. ಆ ಬಾಣಂತನದಲ್ಲೂ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಮರುಕಳಿಕೆ ಆಗಲೇ ಇಲ್ಲ. ಎದೆಹಾಲೂಡಿಸುವುದರಿಂದಾಗಲಿ, ಹೆರಿಗೆನೋವಿಗೆ ಬೆನ್ನಿಗೆ ಕೊಡುವ ಎಪಿಡ್ಯೂರಲ್‌ನಿಂದಾಗಲಿ ಕಾಯಿಲೆ ಕೆಡಲಿಲ್ಲ. ಒಟ್ಟು ಲೆಕ್ಕದಲ್ಲಿ ಬಸಿರು ಕಾಯಿಲೆಯನ್ನು ಹದಗೆಡಿಸಿರಲಿಲ್ಲ.

ಬಸಿರಿನಲ್ಲಿ ಕಾಯಿಲೆ ಏಕೆ ತಣ್ಣಗಾಗುತ್ತದೆ? ಮಗುವಿನ ಅರ್ಧ ವಂಶವಾಹಿ ತಂದೆಯದು. ತಾಯಿಯ ರೋಗನಿರೋಧಕ ವ್ಯವಸ್ಥೆಗೆ ಅದು ಪರಕೀಯ. ಆದರೂ ಒಂಬತ್ತು ತಿಂಗಳು ಅದನ್ನು ಒಳಗಿಟ್ಟು ಸಾಕಬೇಕು. ಅದಕ್ಕಾಗಿ ಆಕ್ರಮಣಕಾರಿ ಟಿ ಕೋಶಗಳು ಹಿಂದೆ ಸರಿದು, ಸಂಯಮ ತರುವ ಕೋಶಗಳ ಕೈ ಮೇಲಾಗುತ್ತದೆ. ಮಗುವನ್ನು ಕಾಯುವ ಈ ಏರ್ಪಾಡು ಅಮ್ಮನ ನರಗಳನ್ನೂ ಕಾಯುತ್ತದೆ. ಮಾಸು ಹೊರಬಿದ್ದ ಕೆಲವೇ ದಿನಗಳಲ್ಲಿ ಬಸಿರಿನ ಹಾರ್ಮೋನುಗಳು ಕುಸಿಯುತ್ತವೆ, ಆ ರಕ್ಷಣೆಯೂ ಕಳಚುತ್ತದೆ. ಇಂಥದ್ದೇ ಒಂದನ್ನು ಅಮೆರಿಕದ ಫಿಲಿಪ್ ಹೆಂಚ್ 1930ರ ದಶಕದಲ್ಲೇ ಸಂಧಿವಾತದ ಬಸುರಿಯರಲ್ಲಿ ಕಂಡಿದ್ದರು. ಆ ಸುಳಿವು ಹಿಡಿದು ಹೋದ ದಾರಿಯಲ್ಲೇ ಕಾರ್ಟಿಸೋನ್ ಚಿಕಿತ್ಸೆ ಸಿಕ್ಕಿತು, 1950ರ ನೊಬೆಲ್ ಕೂಡ.

ಎಂಎಸ್‌ನಲ್ಲೂ ಅದೇ ಹುಡುಕಾಟ ನಡೆದಿದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೋಂಡಾ ವೋಸ್ಕಲ್, ಬಸಿರಿನಲ್ಲಿ ಮಾತ್ರ ಹೇರಳವಾಗಿ ಹುಟ್ಟುವ ಎಸ್ಟ್ರಿಯಾಲ್ ಹಾರ್ಮೋನನ್ನು ಬಸುರಿಯಲ್ಲದ ರೋಗಿಗಳಿಗೆ ಮಾತ್ರೆಯಾಗಿ ಕೊಟ್ಟು ನೋಡಿದರು. 164 ಮಹಿಳೆಯರ ಮೇಲಿನ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮಾಮೂಲಿ ಚುಚ್ಚುಮದ್ದು ಇತ್ತು. ಜೊತೆಗೆ ಎಸ್ಟ್ರಿಯಾಲ್ ಪಡೆದವರಲ್ಲಿ ಮರುಕಳಿಕೆ ಕಡಿಮೆ ಇತ್ತು. ಭರವಸೆ ಮೂಡಿಸುವ ಫಲ, ಆದರೆ ಇಷ್ಟು ಸಣ್ಣ ಪ್ರಯೋಗದಿಂದ ಅದು ಚಿಕಿತ್ಸೆ ಆಗಿಬಿಡುವುದಿಲ್ಲ.

ಕಾನ್ಫಾವ್ರೂ 2013ರಲ್ಲಿ ತೀರಿಕೊಂಡರು. ಇಂದು ನರರೋಗ ತಜ್ಞರು ಎಂಎಸ್ ಇದೆ ಎಂಬ ಒಂದೇ ಕಾರಣಕ್ಕೆ ಮಗು ಬೇಡ ಎನ್ನುವುದಿಲ್ಲ. ಆದರೆ ಈ ಕಾಯಿಲೆಯ ಎಲ್ಲ ಔಷಧಿಗಳೂ ಬಸಿರಿಗೆ ಒಗ್ಗುವುದಿಲ್ಲ. ಟೆರಿಫ್ಲುನೊಮೈಡ್, ಫಿಂಗೋಲಿಮೋಡ್‌ನಂಥವು ಭ್ರೂಣಕ್ಕೆ ಅಪಾಯಕಾರಿ. ಇನ್ನು ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ದುಪ್ಪಟ್ಟು ಜೋರಾಗಿ ಮರಳಬಹುದು. ನಿಮ್ಮ ಮನೆಯಲ್ಲಿ ಎಂಎಸ್ ಇರುವ ಮಗಳೋ ಸೊಸೆಯೋ ಇದ್ದು ಮಗುವಿನ ಯೋಚನೆ ಮಾಡುತ್ತಿದ್ದರೆ, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಬಸಿರಾಗುವ ಮೊದಲೇ ನರರೋಗ ತಜ್ಞರ ಬಳಿ ಹೋಗಲಿ. ಹೆರಿಗೆಯ ನಂತರದ ಮೂರು ತಿಂಗಳು ಅವಳಿಗೆ ನಿದ್ದೆ, ವಿಶ್ರಾಂತಿ ಸಿಗುವಂತೆ ನೀವು ನೋಡಿಕೊಳ್ಳಿ.