ಅರ್ಧಕ್ಕೆ ನಿಂತ ಫೋರ್ಕ್

ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ತೆರೆದಾಗ ‘ಜೈಗೋಟ್’ ಎಂಬ ಪ್ರಾಸೆಸ್ ತನ್ನದೇ ಒಂದು ಪ್ರತಿಯನ್ನು ಹುಟ್ಟಿಸುತ್ತದೆ. ಒಳಗಿರುವ ಲಿನಕ್ಸ್ ಕರ್ನಲ್‌ನಲ್ಲಿ ಈ ಕೆಲಸದ ಹೆಸರು ಫೋರ್ಕ್. ತೆರೆದ ಫೈಲುಗಳ ಪಟ್ಟಿ, ಸಿಗ್ನಲ್ ವ್ಯವಸ್ಥೆ, ಮೆಮೊರಿ ನಕ್ಷೆ, ಕಡೆಗೆ ಗುರುತಿನ ಸಂಖ್ಯೆ: ಒಂದೊಂದೇ ಸಿದ್ಧವಾಗಬೇಕು, ಪ್ರತಿಯೊಂದಕ್ಕೂ ಮೆಮೊರಿ ಬೇಕು.

ನಕ್ಷೆಯ ಹಂತದಲ್ಲಿ ಮೆಮೊರಿ ಸಿಗಲಿಲ್ಲ ಎನ್ನೋಣ. ಅಲ್ಲಿಯವರೆಗೆ ಪಡೆದದ್ದನ್ನೆಲ್ಲ ಹಿಂದಿರುಗಿಸಬೇಕು. ಪಡೆಯದೆ ಇದ್ದದ್ದನ್ನು ಮುಟ್ಟಕೂಡದು. ಆ್ಯಪ್ ಮರೆತ ಮೆಮೊರಿ ಅದು ಮುಚ್ಚಿದಾಗ ವಾಪಸ್ಸಾಗುತ್ತದೆ, ಕರ್ನಲ್ ಮರೆತದ್ದು ಸಾಮಾನ್ಯವಾಗಿ ರೀಬೂಟ್ ಆಗುವವರೆಗೂ ಸಿಗುವುದಿಲ್ಲ. ಒಂದೇ ತುಣುಕನ್ನು ಎರಡು ಸಲ ಹಿಂದಿರುಗಿಸಿದರೆ ಇನ್ನೂ ಅಪಾಯ: ಅದು ಇಬ್ಬರು ಒಡೆಯರ ಕೈಗೆ ಹೋಗಬಹುದು. ದಾಳಿಕೋರರು ಹುಡುಕುವುದು ಇಂಥ ಸಂದನ್ನೇ.

ಇದಕ್ಕೆ ಕರ್ನಲ್ ಬರೆಯುವವರು ನೆಚ್ಚಿಕೊಂಡಿರುವುದು ಕೋಡ್‌ನ ಬೇರೊಂದು ಜಾಗಕ್ಕೆ ನೇರವಾಗಿ ಹಾರಿಸುವ ‘ಗೋಟು’ ಆಜ್ಞೆಯನ್ನು. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಖಂಡಿಸಿದ ಆಜ್ಞೆಯೇ ಅದು. ಆದರೆ ಈ ಜಾಗದಲ್ಲಿ ಅದರಷ್ಟು ಸ್ಪಷ್ಟವಾದ ದಾರಿ ಸಿ ಭಾಷೆಯಲ್ಲಿ ಬಹುಕಾಲ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಫಂಕ್ಷನ್ನಿನ ಕೊನೆಯಲ್ಲಿ ಲೇಬಲ್‌ಗಳು ಕಟ್ಟಿದ ಕ್ರಮಕ್ಕೆ ತಿರುವುಮುರುವಾಗಿ ಸಾಲಾಗಿ ನಿಂತಿರುತ್ತವೆ. ಎಲ್ಲಿ ಸೋತೆವೋ ಅದಕ್ಕೆ ತಕ್ಕ ಲೇಬಲ್‌ಗೆ ಹಾರಿ, ಅಲ್ಲಿಂದ ಕೆಳಗಿನದನ್ನೆಲ್ಲ ಬಿಚ್ಚುತ್ತಾ ಬಂದರಾಯಿತು.

ನಕ್ಷೆಯ ಒಳಗೇ ಅರ್ಧಕ್ಕೆ ನಿಂತರೆ ಮಾತ್ರ ಇಷ್ಟು ಸಾಲದು. 2024ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್‌ನ 6.8ನೇ ಆವೃತ್ತಿಯಲ್ಲಿ, ವೇಗಕ್ಕಾಗಿ, ತಾಯಿ ಪ್ರಾಸೆಸ್‌ನ ನಕ್ಷೆಯನ್ನು ಹಿಡಿದಿಟ್ಟ ಮರದಾಕಾರದ ರಚನೆಯನ್ನು ಮೊದಲು ಇಡಿಯಾಗಿ ನಕಲು ಮಾಡಲಾಗುತ್ತಿತ್ತು. ಆ ಕ್ಷಣ ಮಗುವಿನ ಮರದಲ್ಲಿರುವ ಪ್ರತಿ ನಮೂದೂ ತಾಯಿಯದೇ. ಒಂದೊಂದನ್ನೇ ಮಗುವಿನ ಸ್ವಂತ ನಮೂದಿನಿಂದ ಬದಲಿಸುತ್ತಾ ಹೋಗಬೇಕು. ನಡುವೆ ಮೆಮೊರಿ ಮುಗಿದರೆ ಮರದ ಮೊದಲ ಭಾಗ ಮಗುವಿನದು, ಉಳಿದದ್ದು ತಾಯಿಯದು. ಮಗುವಿನದೆಂದು ಇಡೀ ಮರವನ್ನು ಅಳಿಸಿದರೆ, ಇನ್ನೂ ಓಡುತ್ತಿರುವ ತಾಯಿಯ ನಕ್ಷೆಯೇ ಹಾಳು! ಹಾಗಾಗಿ ಸೋತ ಜಾಗದಲ್ಲಿ ಒಂದು ವಿಶೇಷ ಗುರುತು ಇಡುತ್ತಿದ್ದರು. ಅಳಿಸುವ ಕೋಡ್ ಅದನ್ನು ಕಂಡೊಡನೆ ನಿಲ್ಲುತ್ತಿತ್ತು. ಅಷ್ಟರಲ್ಲೇ ಕರ್ನಲ್‌ನ ಬೇರೊಂದು ಭಾಗ ಈ ಅರೆಬೆಂದ ನಕ್ಷೆಗೆ ಕೈಹಾಕುವ ಸಂಭವವೂ ಇತ್ತು. ಮೆಮೊರಿ ತೀರಿದಾಗ ಪ್ರಾಸೆಸ್‌ಗಳಿಂದ ಅದನ್ನು ಕಿತ್ತುಕೊಳ್ಳುವ ಭಾಗವೇ ಅಂಥದ್ದೊಂದು. ಇದನ್ನು ಮುಟ್ಟಬೇಡ ಎಂದು ಅದಕ್ಕೆ ತಿಳಿಸುವ ಸೂಚನೆಯನ್ನೂ ಮುಂದೆ ಸೇರಿಸಬೇಕಾಯಿತು.

ಹೀಗೆ ಬಿಚ್ಚುವ ಕೋಡ್‌ನಲ್ಲಿನ ತಪ್ಪುಗಳು ವರ್ಷಗಟ್ಟಲೆ ಅಡಗಿರುವುದಕ್ಕೆ ಕಾರಣವಿದೆ. 32 ಕಿಲೋಬೈಟ್‌ವರೆಗಿನ ಸಾಮಾನ್ಯ ಬೇಡಿಕೆಗಳನ್ನು ಲಿನಕ್ಸ್ ಹೆಚ್ಚುಕಡಿಮೆ ಎಂದೂ ನಿರಾಕರಿಸುವುದಿಲ್ಲ. ಹಾಗಾಗಿ ಬಿಚ್ಚುವ ಕೋಡ್ ಓಡುವುದೇ ಅಪರೂಪ. ಅದನ್ನು ಬೇಕೆಂದೇ ಓಡಿಸಲು, 2007ರಲ್ಲಿ ಬಂದ 2.6.20 ಆವೃತ್ತಿಯಿಂದ, ಕೃತಕವಾಗಿ ವೈಫಲ್ಯ ಹುಟ್ಟಿಸುವ ವ್ಯವಸ್ಥೆ ಕರ್ನಲ್‌ನಲ್ಲೇ ಇದೆ. ಆಮೇಲೆ ಸೇರಿದ ಒಂದು ಸೌಲಭ್ಯದಲ್ಲಿ ಎಷ್ಟನೆಯ ಬೇಡಿಕೆ ಸೋಲಬೇಕೆಂದು ಹೇಳಬಹುದು. ಮೊದಲ ಓಟದಲ್ಲಿ ಮೊದಲನೆಯದು, ಮುಂದಿನ ಓಟದಲ್ಲಿ ಎರಡನೆಯದು, ಹೀಗೆ ಫೋರ್ಕ್‌ನ ಪ್ರತಿ ಬೇಡಿಕೆಯನ್ನೂ ಸೋಲಿಸಿ ನೋಡಬಹುದು.